ಮಗಳ ಹೆಸರಿಗೆ ಇಬ್ಬರೂ ಒಪ್ಪುತ್ತಿಲ್ಲವೇ? ಹೀಗೆ ಮಾಡಿ ನೋಡಿ

ಮಗಳು ಹುಟ್ಟಿದ್ದಾಳೆ. ಚೆನ್ನಾಗಿದ್ದಾಳೆ, ಹಾಲು ಕುಡಿಯುತ್ತಾಳೆ, ನಿದ್ದೆ ಮಾತ್ರ ಮನೆಯಲ್ಲಿ ಯಾರಿಗೂ ಇಲ್ಲ. ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಹೆಸರೇನು? ನೀವಿಬ್ಬರೂ ಮುಖ ಮುಖ ನೋಡಿಕೊಂಡು ‘ಇನ್ನೂ ಇಟ್ಟಿಲ್ಲ’ ಅನ್ನುತ್ತೀರಿ. ಅಪ್ಪನಿಗೆ ಇಷ್ಟವಾದದ್ದು ಅಮ್ಮನಿಗೆ ಹಿಡಿಸುವುದಿಲ್ಲ. ಅಮ್ಮ ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು ಅಪ್ಪನಿಗೆ ‘ಯಾಕೋ ಸರಿ ಅನ್ನಿಸ್ತಿಲ್ಲ’. ಮಾತು ಶುರುವಾದರೆ ಐದು ನಿಮಿಷದಲ್ಲಿ ಒಬ್ಬರು ಎದ್ದು ಹೋಗುತ್ತಾರೆ.

ಹೆಸರುಗಳ ಪಟ್ಟಿ ನಾನು ಇಲ್ಲಿ ಕೊಡುವುದಿಲ್ಲ. ಪಟ್ಟಿಗಳು ನಿಮ್ಮ ಫೋನಿನಲ್ಲಿ ಈಗಾಗಲೇ ಜಾಸ್ತಿ ಇವೆ, ಅವುಗಳಿಂದ ಬಗೆಹರಿಯುವ ಹಾಗಿದ್ದರೆ ಇಷ್ಟು ಹೊತ್ತಿಗೆ ಬಗೆಹರಿದಿರುತ್ತಿತ್ತು. ಬೇರೆ ಬೇರೆ ಮನಸ್ಸಿನ ಇಬ್ಬರು ಒಂದು ಹೆಸರಿಗೆ ಬರುವುದು ಹೇಗೆ ಅನ್ನುವುದನ್ನಷ್ಟೇ ಬರೆಯುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಜಗಳ ಹೆಸರಿಗಾಗಿ ಅಂತ ಕಾಣುತ್ತದೆ, ಆದರೆ ಇಬ್ಬರೂ ತಮ್ಮ ತಮ್ಮ ಹೆಸರಿನ ಹಿಂದೆ ಬೇರೇನನ್ನೋ ಹಿಡಿದುಕೊಂಡಿರುತ್ತಾರೆ. ಅದು ಬಾಯಿಗೆ ಬಂದ ಮೇಲೆಯೇ ಹೆಸರು ಹುಡುಕುವುದು ಸುಲಭವಾಗುತ್ತದೆ.

ಎಷ್ಟು ಸಮಯ ಇದೆ?

ಅವಸರ ಇದ್ದಾಗ ಜಗಳ ಬೇಗ ಹುಟ್ಟುತ್ತದೆ. ಯಾರೋ ಫಾರಂ ಹಿಡಿದು ಎದುರಿಗೆ ನಿಂತರೆ ಈಗಲೇ ಹೇಳಿಬಿಡಬೇಕು ಅನ್ನಿಸುತ್ತದೆ. ಆದರೆ ಹುಟ್ಟನ್ನು ನೋಂದಾಯಿಸುವುದು ಬೇರೆ, ಹೆಸರು ಬರೆಸುವುದು ಬೇರೆ, ಎಷ್ಟೋ ಕಡೆ ಎರಡಕ್ಕೂ ಬೇರೆ ಬೇರೆ ಗಡುವು ಇರುತ್ತದೆ. ಭಾರತದಲ್ಲಿ ಹುಟ್ಟನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರಿಲ್ಲದೆಯೂ ನೋಂದಾಯಿಸಬಹುದು, ಹೆಸರನ್ನು 1 ವರ್ಷದೊಳಗೆ ತಡ ಶುಲ್ಕವಿಲ್ಲದೆ ಸೇರಿಸಬಹುದು, ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶ ಇದೆ. ಇಂಗ್ಲೆಂಡಿನಲ್ಲಿ ನೋಂದಣಿಗೆ 42 ದಿನ, ಸ್ಕಾಟ್ಲೆಂಡಿನಲ್ಲಿ 21 ದಿನ. ಸ್ವೀಡನ್ನಿನಲ್ಲಿ ಹೆಸರು ತಿಳಿಸಲು 3 ತಿಂಗಳು, ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡಿನಲ್ಲಿ 6 ತಿಂಗಳು. ಫ್ರಾನ್ಸಿನಲ್ಲಿ ಬಿಗಿ ಜಾಸ್ತಿ, 5 ದಿನ ಅಷ್ಟೇ. ನೀವು ಇರುವ ಕಡೆ ನಿಯಮ ಏನು ಅಂತ ಇವತ್ತೇ ತಿಳಿದುಕೊಳ್ಳಿ. ‘ನಾಳೆಯೇ ಕೊಡಬೇಕಂತೆ’ ಅನ್ನುವ ಭಯ ಹಲವು ಸಲ ಬರೀ ಕೇಳಿದ ಮಾತಾಗಿರುತ್ತದೆ.

ಮಗುವಿನ ಕಡೆಯಿಂದಲೂ ಅವಸರ ಇಲ್ಲ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳ ಮಕ್ಕಳು ಬೇರೆ ಹೆಸರುಗಳಿಗಿಂತ ತಮ್ಮ ಹೆಸರನ್ನೇ ಹೆಚ್ಚು ಹೊತ್ತು ಕೇಳಿಸಿಕೊಂಡವು. ಅಂದರೆ ಮೊದಲ ಕೆಲವು ವಾರ ನೀವು ಅವಳನ್ನು ಪಾಪು, ಪುಟ್ಟಿ, ಚಿನ್ನು ಅಂತ ಕರೆದುಕೊಂಡಿದ್ದರೆ ಅವಳಿಗೆ ಏನೂ ಕಡಿಮೆಯಾಗುವುದಿಲ್ಲ. ‘ಪಾಪ, ಇನ್ನೂ ಹೆಸರಿಲ್ಲ’ ಅಂತ ಬಂದವರು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಹಾಗಂತ ಗಡುವೇ ಇಲ್ಲದೆ ಬಿಡುವುದೂ ಬೇಡ. ಸರಕಾರದ ಗಡುವಿಗಿಂತ ಸ್ವಲ್ಪ ಮೊದಲೇ ನಿಮ್ಮದೇ ಒಂದು ದಿನ ಗುರುತು ಹಾಕಿಕೊಳ್ಳಿ. ಆ ದಿನದೊಳಗೆ ಮುಗಿಸುತ್ತೇವೆ ಅಂತ ಇಬ್ಬರೂ ಒಪ್ಪಿ. ದಿನ ಗೊತ್ತಿದ್ದರೆ ಪ್ರತಿ ಊಟದ ಹೊತ್ತಿಗೂ ಅದೇ ಮಾತು ಬರುವುದು ನಿಲ್ಲುತ್ತದೆ.

ಮಾತಾಡುವ ಹೊತ್ತು

ರಾತ್ರಿ ಎರಡು ಗಂಟೆಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿರುವಾಗ ಹೆಸರಿನ ಮಾತು ಎತ್ತಬೇಡಿ. ಹೆರಿಗೆಯಾದ ದೇಹ ಇನ್ನೂ ಚೇತರಿಸಿಕೊಳ್ಳುತ್ತಿರುತ್ತದೆ, ಮನಸ್ಸು ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರುವುದಿಲ್ಲ, ಜೊತೆಗೆ ಇಬ್ಬರಿಗೂ ನಿದ್ದೆ ಇಲ್ಲ. ಆಗ ಆಡಿದ ‘ಬೇಡ’ ಅನ್ನುವ ಒಂದು ಮಾತು ಹೆಸರಿನ ಮೇಲಿನ ಮಾತಾಗಿ ಉಳಿಯುವುದಿಲ್ಲ, ನನ್ನನ್ನೇ ಬೇಡ ಅಂದರು ಅನ್ನುವ ಹಾಗೆ ಕೇಳಿಸುತ್ತದೆ. ಮಗು ಮಲಗಿದ, ಹೊಟ್ಟೆ ತುಂಬಿದ, ಬೇರೆ ಯಾರೂ ಕೇಳಿಸಿಕೊಳ್ಳದ ಒಂದು ಅರ್ಧ ಗಂಟೆ ಸಾಕು. ಅರ್ಧ ಗಂಟೆ ಆಯಿತು, ಸಿಗಲಿಲ್ಲ ಅಂದರೆ ನಿಲ್ಲಿಸಿ. ಎರಡು ದಿನ ಬಿಟ್ಟು ಮತ್ತೆ ಕೂತುಕೊಳ್ಳಿ. ನಡುವೆ ಹೊಳೆದದ್ದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಹೊಳೆದ ತಕ್ಷಣ ಮೆಸೇಜ್ ಕಳಿಸುತ್ತಾ ಹೋಗಬೇಡಿ. ಆಫೀಸಿನ ನಡುವೆ ಬಂದ ಹೆಸರಿಗೆ ಆ ಕಡೆಯಿಂದ ಬರುವ ಉತ್ತರ ಯಾವಾಗಲೂ ‘ಹ್ಞೂಂ, ನೋಡೋಣ’ ಅಷ್ಟೇ ಆಗಿರುತ್ತದೆ, ಅದು ನಿಮಗೆ ನೋವಾಗುತ್ತದೆ.

ಈ ಹೆಸರೇ ಯಾಕೆ?

ಇದೇ ಮುಖ್ಯ ಭಾಗ, ಜನ ಹೆಚ್ಚಾಗಿ ಹಾರಿಸಿಬಿಡುವುದೂ ಇದನ್ನೇ.

ಒಬ್ಬರು ಒಂದು ಹೆಸರಿಗೆ ಅಂಟಿಕೊಂಡಿದ್ದಾರೆ ಅಂದರೆ ಅದಕ್ಕೆ ಕಾರಣ ಇರುತ್ತದೆ. ಕೆಲವೊಮ್ಮೆ ಅದು ಒಬ್ಬ ವ್ಯಕ್ತಿ: ತೀರಿಹೋದ ಅಜ್ಜಿ, ಓದಿಸಿದ ಅತ್ತೆ, ಚಿಕ್ಕಂದಿನಲ್ಲಿ ಕೈ ಹಿಡಿದು ನಡೆಸಿದ ಅಕ್ಕ. ಕೆಲವೊಮ್ಮೆ ಬರೀ ಸದ್ದು. ಬಾಯಿ ತುಂಬ ಕರೆಯುವ ಹಾಗಿರಬೇಕು ಅಂತ ಒಬ್ಬರಿಗೆ, ಹಗುರವಾಗಿ ಮುಗಿದುಹೋಗಬೇಕು ಅಂತ ಇನ್ನೊಬ್ಬರಿಗೆ. ಇನ್ನು ಕೆಲವೊಮ್ಮೆ ಹೆದರಿಕೆ. ತರಗತಿಯಲ್ಲಿ ಮೂವರು ಒಂದೇ ಹೆಸರಿನವರಾಗಿ ಬೆಳೆದವರು ‘ನನ್ನ ಮಗಳಿಗೆ ಹಾಗಾಗಬಾರದು’ ಅಂತ ಅಪರೂಪದ ಹೆಸರು ಹುಡುಕುತ್ತಾರೆ, ಜೀವನಪೂರ್ತಿ ತಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿ ಸಾಕಾದವರು ಎಲ್ಲರಿಗೂ ಗೊತ್ತಿರುವ ಹೆಸರೇ ಇರಲಿ ಅನ್ನುತ್ತಾರೆ. ಇಬ್ಬರೂ ಮಗಳ ಒಳ್ಳೆಯದನ್ನೇ ನೋಡುತ್ತಿದ್ದಾರೆ, ಆದರೆ ಎದುರು ಬದುರು ನಿಂತಿದ್ದಾರೆ.

ಇನ್ನೊಂದು ಕಾರಣ ಇದೆ, ಅದನ್ನು ಹೇಳುವುದಕ್ಕೆ ಎಲ್ಲರೂ ಹಿಂಜರಿಯುತ್ತಾರೆ. ‘ಇದರಲ್ಲಾದರೂ ನನ್ನ ಮಾತು ನಡೆಯಲಿ’ ಅನ್ನುವುದು. ಮನೆ ಎಲ್ಲಿ, ಕೆಲಸ ಯಾವುದು, ಹೆರಿಗೆ ಎಲ್ಲಿ ಅನ್ನುವುದೆಲ್ಲ ಒಬ್ಬರ ಇಷ್ಟದ ಹಾಗೆ ಆಗಿದ್ದರೆ ಇನ್ನೊಬ್ಬರು ಹೆಸರಿನ ಹತ್ತಿರ ಬಂದು ಗಟ್ಟಿಯಾಗಿ ನಿಲ್ಲುತ್ತಾರೆ. ಅಂಥ ಕಡೆ ನೀವು ಸಾವಿರ ಹೊಸ ಹೆಸರು ತಂದರೂ ಪ್ರಯೋಜನ ಇಲ್ಲ. ಅದನ್ನು ಅದರ ಹೆಸರಿನಿಂದಲೇ ಕರೆದು ಮಾತಾಡಬೇಕು.

ಆದ್ದರಿಂದ ಮೊದಲ ಸಲ ಕೂತಾಗ ಹೊಸ ಹೆಸರು ಯಾವುದೂ ಬೇಡ. ಒಬ್ಬರು ಕೇಳಿ: ‘ಈ ಹೆಸರು ಅಂದ್ರೆ ನಿಂಗೆ ಏನು ನೆನಪಾಗುತ್ತೆ?’ ಇನ್ನೊಬ್ಬರು ಹೇಳಲಿ. ಮಧ್ಯದಲ್ಲಿ ಬಾಯಿ ಹಾಕಬೇಡಿ, ‘ಆದರೆ’ ಅನ್ನಬೇಡಿ. ಹೇಳಿ ಮುಗಿದ ಮೇಲೆ ಕೇಳಿದವರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ: ‘ಅಂದ್ರೆ ಅಜ್ಜಿಯ ನೆನಪು ಇರಬೇಕು, ಇದೇ ಹೆಸರು ಆಗಲೇಬೇಕು ಅಂತೇನಿಲ್ಲ, ಅಲ್ವಾ?’ ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಎಷ್ಟೋ ಸಲ ದಾರಿ ಸಿಗುತ್ತದೆ. ಅಜ್ಜಿಯ ನೆನಪು ಮುಖ್ಯ ಅಂದರೆ ಅಜ್ಜಿಯ ಹೆಸರಿನ ಒಂದು ಭಾಗ, ಅವರ ಹೆಸರಿನ ಮೊದಲ ಅಕ್ಷರ, ಅವರು ಇಷ್ಟಪಡುತ್ತಿದ್ದ ಹೂವು, ಅವರ ಹೆಸರಿನ ಅರ್ಥವನ್ನೇ ಹೇಳುವ ಇನ್ನೊಂದು ಹೆಸರು, ಇವೆಲ್ಲ ಬಳಸಬಹುದು. ಸರೋಜಮ್ಮನ ಮೊಮ್ಮಗಳು ನಳಿನಿ ಆಗಬಹುದು, ಎರಡೂ ತಾವರೆಯೇ. ಇದೇ ಹೆಸರು ಆಗಲೇಬೇಕು ಅಂದರೆ ಆಗಲೂ ಒಳ್ಳೆಯದೇ, ಕನಿಷ್ಠ ಯಾವುದರ ಮೇಲೆ ಮಾತಾಡುತ್ತಿದ್ದೀರಿ ಅನ್ನುವುದು ಇಬ್ಬರಿಗೂ ಗೊತ್ತಾಯಿತು.

‘ಬೇಡ’ ಅನ್ನುವುದಕ್ಕೂ ಕಾರಣ ಕೇಳಿ, ಆದರೆ ಮೆತ್ತಗೆ ಕೇಳಿ. ಶಾಲೆಯಲ್ಲಿ ಹಿಂಸೆ ಕೊಟ್ಟ ಹುಡುಗಿಯ ಹೆಸರು, ಹಳೆಯ ಪ್ರೀತಿಯ ಹೆಸರು, ಇಷ್ಟವಿಲ್ಲದ ಸಂಬಂಧಿಕರ ಹೆಸರು, ಇಂಥವು ಇರುತ್ತವೆ. ಅದಕ್ಕೆ ವಾದ ಮಾಡಿ ಗೆಲ್ಲುವುದಕ್ಕಾಗುವುದಿಲ್ಲ. ಪ್ರತಿದಿನ ನೂರು ಸಲ ಕರೆಯುವ ಹೆಸರು ಅದು, ಕರೆದಾಗಲೆಲ್ಲ ಮನಸ್ಸಿನಲ್ಲಿ ಮುಳ್ಳು ಚುಚ್ಚಿದರೆ ಆ ಹೆಸರನ್ನು ಬಿಡುವುದೇ ಸರಿ.

ಹೆಸರಿಗಿಂತ ಮೊದಲು ಷರತ್ತು

ಕಾರಣಗಳು ಹೊರಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಇಬ್ಬರೂ ಹೆಸರು ಹೇಗಿರಬೇಕು ಅಂತ ಬರೆಯಿರಿ. ಒಬ್ಬೊಬ್ಬರಿಗೆ ಮೂರೇ ಷರತ್ತು. ಹತ್ತು ಷರತ್ತು ಹಾಕಿದರೆ ಪ್ರಪಂಚದಲ್ಲಿ ಯಾವ ಹೆಸರೂ ಉಳಿಯುವುದಿಲ್ಲ. ಎರಡು ಅಥವಾ ಮೂರು ಅಕ್ಷರದೊಳಗೆ ಇರಬೇಕು, ಇಂಥ ಅಕ್ಷರದಿಂದ ಶುರುವಾಗಬೇಕು, ಎರಡೂ ಕಡೆಯ ಅಜ್ಜಿಯರ ಬಾಯಲ್ಲಿ ಸರಿಯಾಗಿ ಬರಬೇಕು, ಅಕ್ಕನ ಹೆಸರಿನ ಜೊತೆ ಕರೆದರೆ ಗೊಂದಲ ಆಗಬಾರದು, ಹೀಗೆ. ಇಬ್ಬರ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟಾಗ ಸಾಮಾನ್ಯವಾಗಿ ಒಂದೆರಡು ಷರತ್ತು ಕೂಡುತ್ತವೆ, ಒಂದು ಎದುರು ನಿಲ್ಲುತ್ತದೆ. ಎದುರು ನಿಂತ ಆ ಒಂದನ್ನು ಮಾತ್ರ ಬಗೆಹರಿಸಿಕೊಳ್ಳಿ. ಹೆಸರುಗಳ ಮೇಲೆ ಮಾಡುವ ವಾದಕ್ಕಿಂತ ಇದು ತುಂಬಾ ತಣ್ಣಗಿರುತ್ತದೆ, ಯಾಕೆಂದರೆ ಇಲ್ಲಿ ಯಾರ ಪ್ರೀತಿಯ ಹೆಸರೂ ಇನ್ನೂ ಮೇಜಿನ ಮೇಲೆ ಬಂದಿಲ್ಲ.

ನೀವಿರುವ ದೇಶದ ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಈಗಲೇ ನೋಡಿಬಿಡಿ. ಐಸ್‌ಲ್ಯಾಂಡಿನಲ್ಲಿ ಒಪ್ಪಿದ ಹೆಸರುಗಳ ಪಟ್ಟಿ ಇದೆ, ಅದರಲ್ಲಿಲ್ಲದ ಹೆಸರನ್ನು ಪರಿಶೀಲಿಸುವುದಕ್ಕೆಂದೇ ಒಂದು ಸಮಿತಿ ಇದೆ. ಡೆನ್ಮಾರ್ಕ್, ಹಂಗೇರಿಯಲ್ಲೂ ಪಟ್ಟಿಗಳಿವೆ. ತಿಂಗಳುಗಟ್ಟಲೆ ಮಾತಾಡಿ ಒಪ್ಪಿದ ಹೆಸರು ಅಲ್ಲಿ ನಿಂತುಹೋಗಬಾರದು.

ಎರಡು ಪಟ್ಟಿ, ಒಂದು ನಿಯಮ

ಈಗ ಹೆಸರಿನ ಸರದಿ. ಬೇರೆ ಬೇರೆ ಕೂತು ಒಬ್ಬೊಬ್ಬರೂ ಒಂದಷ್ಟು ಹೆಸರು ಬರೆಯಿರಿ, ಹತ್ತೋ ಹದಿನೈದೋ. ಒಟ್ಟಿಗೆ ಕೂತು ಬರೆಯಬೇಡಿ, ಒಬ್ಬರ ಮುಖ ನೋಡಿ ಇನ್ನೊಬ್ಬರ ಕೈ ತಡೆಯುತ್ತದೆ. ಆಮೇಲೆ ಪಟ್ಟಿ ಬದಲಾಯಿಸಿಕೊಂಡು, ಮಾತಾಡದೆ, ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಇಷ್ಟ, ಪರವಾಗಿಲ್ಲ, ಬೇಡ.

ನಿಯಮ ಇಷ್ಟೇ. ‘ಬೇಡ’ ಅಂದ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ, ನಾಳೆ ಅತ್ತೆಯ ಬಾಯಿಂದಲೂ ಬರಬಾರದು. ಬದಲಿಗೆ ‘ಬೇಡ’ ಅಂದವರಿಗೂ ಒಂದು ಕೆಲಸ ಇದೆ: ಒಂದು ಹೆಸರು ತೆಗೆದರೆ ಒಂದು ಹೊಸ ಹೆಸರು ತರಬೇಕು. ಬರೀ ತೆಗೆಯುತ್ತಾ ಕೂತರೆ ಒಬ್ಬರು ಹುಡುಕುವವರು, ಇನ್ನೊಬ್ಬರು ತೀರ್ಪು ಕೊಡುವವರು ಆಗಿಬಿಡುತ್ತಾರೆ, ಹುಡುಕುವವರಿಗೆ ಬೇಗ ರೋಸಿ ಹೋಗುತ್ತದೆ. ಹೆಸರಿಗೆ ನಗುವುದು, ಅಡ್ಡ ಹೆಸರು ಕಟ್ಟುವುದು, ‘ಇದೂ ಒಂದು ಹೆಸರಾ’ ಅನ್ನುವುದು ಬೇಡವೇ ಬೇಡ. ಆ ಹೆಸರನ್ನು ಅವರು ಪ್ರೀತಿಯಿಂದಲೇ ಬರೆದಿರುತ್ತಾರೆ.

ಎರಡೂ ಪಟ್ಟಿಯಲ್ಲಿ ಒಂದೇ ಹೆಸರು ಇದ್ದರೆ ಅದೃಷ್ಟ. ಹೆಚ್ಚಾಗಿ ಇರುವುದಿಲ್ಲ. ಹಾಗಂತ ಪಟ್ಟಿ ಬಿಸಾಡಬೇಡಿ, ಅದನ್ನು ಇನ್ನೊಂದು ರೀತಿಯಲ್ಲಿ ಓದಿ. ಅಮ್ಮನ ಪಟ್ಟಿಯಲ್ಲಿ ತಾರಾ, ಇರಾ, ನಿಧಿ, ಮೀರಾ ಇದೆ ಅಂದುಕೊಳ್ಳಿ. ಎಲ್ಲ ಎರಡೇ ಅಕ್ಷರ, ಯಾವುದರಲ್ಲೂ ಒತ್ತಕ್ಷರ ಇಲ್ಲ. ಅಪ್ಪನ ಪಟ್ಟಿಯಲ್ಲಿ ಮಂದಾಕಿನಿ, ಚಾರುಲತಾ, ಕಾದಂಬರಿ, ಹೇಮಾವತಿ ಇದೆ. ಮೇಲಿಂದ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಅಮ್ಮನಿಗೆ ಬೇಕಾಗಿರುವುದು ಕರೆಯಲು ಚಿಕ್ಕದು, ಅಪ್ಪನಿಗೆ ಬೇಕಾಗಿರುವುದು ಬರೆದಾಗ ತುಂಬಿ ಕಾಣುವುದು, ಹಳೆಯ ಗಾಂಭೀರ್ಯ ಇರುವುದು. ಚಾರುಲತಾಳನ್ನು ಚಾರು ಅಂತ ಕರೆಯಬಹುದು. ತಾರಾಮತಿ ಅನ್ನುವ ಹೆಸರಿನಲ್ಲಿ ತಾರಾ ಇದ್ದಾಳೆ. ಎರಡು ಪಟ್ಟಿಯ ಗುಣ ಒಂದೇ ಹೆಸರಿನಲ್ಲಿ ಸಿಗುವುದು ಹೀಗೆ. ಇಬ್ಬರ ಹೆಸರಿನ ಅರ್ಧ ಅರ್ಧ ಮುರಿದು ಅಂಟಿಸಿ ಹೊಸ ಹೆಸರು ಮಾಡುವವರೂ ಇದ್ದಾರೆ. ಕೆಲವು ಸಲ ಅದು ಚೆನ್ನಾಗಿ ಕೂರುತ್ತದೆ, ಆದರೆ ರಾಜಿಗಾಗಿ ಮಾಡಿದ ಹೆಸರಿನಲ್ಲಿ ಅಂಟು ಕಾಣಿಸುತ್ತಿದ್ದರೆ ನಾನು ಅದನ್ನು ಬಿಡಿ ಅನ್ನುತ್ತೇನೆ.

‘ಪರವಾಗಿಲ್ಲ’ ಗುರುತಿನ ಹೆಸರುಗಳನ್ನು ಕಡೆಗಣಿಸಬೇಡಿ. ಒಬ್ಬರಿಗೆ ತುಂಬಾ ಇಷ್ಟ, ಇನ್ನೊಬ್ಬರಿಗೆ ಪರವಾಗಿಲ್ಲ ಅನ್ನುವ ಹೆಸರು ಮಗಳ ಮುಖಕ್ಕೆ ಹೊಂದಿಕೊಂಡ ಮೇಲೆ ಇಬ್ಬರಿಗೂ ಇಷ್ಟವಾಗುವ ಸಾಧ್ಯತೆ ಇದೆ. ‘ಬೇಡ’ ಅಂದ ಹೆಸರಿಗೆ ಆ ದಾರಿ ಕಷ್ಟ.

‘ನಿನ್ನಿಷ್ಟ’ ಅನ್ನುವವರಿದ್ದರೆ

ಒಬ್ಬರು ಯಾವ ಹೆಸರನ್ನೂ ಹೇಳುವುದಿಲ್ಲ, ‘ನಿನ್ನಿಷ್ಟ, ಏನಾದ್ರೂ ಇಡು’ ಅನ್ನುತ್ತಾರೆ, ಆಮೇಲೆ ನೀವು ಹೇಳಿದ್ದಕ್ಕೆಲ್ಲ ಮುಖ ಸಪ್ಪಗೆ ಮಾಡುತ್ತಾರೆ. ಜಗಳವೇ ಇಲ್ಲದ ಹಾಗೆ ಕಾಣುವ ಈ ಸ್ಥಿತಿ ನಿಜವಾಗಿ ಜಗಳಕ್ಕಿಂತ ಕಷ್ಟ. ಇವರಿಗೆ ಪಟ್ಟಿ ಬರೆಯಿರಿ ಅಂದರೆ ಬರೆಯುವುದಿಲ್ಲ. ಎರಡೆರಡು ಹೆಸರು ಎದುರು ಇಟ್ಟು ‘ಇವೆರಡರಲ್ಲಿ ಯಾವುದು?’ ಅಂತ ಕೇಳಿ. ಗೆದ್ದದ್ದನ್ನು ಇನ್ನೊಂದರ ಜೊತೆ ಇಡಿ. ಹೆಸರು ಹುಡುಕುವುದು ಬಾರದವರಿಗೂ ಎರಡರಲ್ಲಿ ಒಂದು ಆರಿಸುವುದು ಬರುತ್ತದೆ. ಹಾಗೆ ಆರಿಸುತ್ತಾ ಹೋದರೆ ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಅವರಿಗೇ ಗೊತ್ತಾಗುತ್ತದೆ.

ಉಳಿದ ಹೆಸರುಗಳನ್ನು ಬಳಸಿ ನೋಡಿ

ಕೊನೆಗೆ ನಾಲ್ಕೈದು ಹೆಸರು ಉಳಿಯುತ್ತವೆ. ಇವನ್ನು ಹಾಳೆಯ ಮೇಲೆ ನೋಡುತ್ತಾ ಕೂರಬೇಡಿ, ಬಾಯಿಗೆ ತನ್ನಿ. ಎರಡು ದಿನ ಮಗಳನ್ನು ಒಂದು ಹೆಸರಿನಿಂದ ಕರೆಯಿರಿ, ಮನೆಯೊಳಗೆ, ನೀವಿಬ್ಬರೇ. ಬಟ್ಟೆ ಬದಲಾಯಿಸುವಾಗ, ಅಳು ನಿಲ್ಲಿಸುವಾಗ, ಮಲಗಿಸುವಾಗ. ಇನ್ನೊಂದು ಕೋಣೆಯಿಂದ ಜೋರಾಗಿ ಕೂಗಿ ನೋಡಿ. ಗದರಿಸುವ ದನಿಯಲ್ಲಿ ಹೇಳಿ ನೋಡಿ, ಆ ದಿನವೂ ಬರುತ್ತದೆ. ಐವತ್ತು ವರ್ಷದ ಹೆಂಗಸು ತನ್ನನ್ನು ಪರಿಚಯಿಸಿಕೊಳ್ಳುವ ಹಾಗೆ ‘ನಮಸ್ಕಾರ, ನಾನು ಇಂಥವಳು’ ಅಂತ ಹೇಳಿ. ತೊಟ್ಟಿಲಿಗೆ ಮುದ್ದಾಗಿ ಕೇಳುವ ಕೆಲವು ಹೆಸರು ಇಲ್ಲಿ ನಿಲ್ಲುವುದಿಲ್ಲ. ಅವಳು ಮಗುವಾಗಿರುವುದು ಕೆಲವೇ ವರ್ಷ.

ಆಮೇಲೆ ಬರವಣಿಗೆ. ಕನ್ನಡದಲ್ಲಿ ಬರೆದರೆ ಓದುವುದರಲ್ಲಿ ಗೊಂದಲ ಇಲ್ಲ, ಆದರೆ ಪಾಸ್‌ಪೋರ್ಟು, ಬ್ಯಾಂಕು, ವಿಮಾನದ ಟಿಕೆಟ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ನಡೆಯುತ್ತವೆ. ಅಲ್ಲಿ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ. ಇಳಾ ಅಂತ ನೀವು ಇಟ್ಟ ಹೆಸರು ಕನ್ನಡ ಬಾರದವರ ಬಾಯಲ್ಲಿ ಇಲಾ ಆಗುತ್ತದೆ. ನಿಮಗೆ ಅದು ಪರವಾಗಿಲ್ಲವೇ ಅಂತ ಈಗಲೇ ಕೇಳಿಕೊಳ್ಳಿ. ಲತಾ, ಸ್ಮಿತಾ, ಅನಿತಾ ಅನ್ನುವಾಗ ‘ತಾ’ಗೆ ಬರೀ ಟಿ ಸಾಕೋ, ಟಿ ಜೊತೆ ಎಚ್ ಬೇಕೋ? ಕೊನೆಗೆ ಒಂದು ಎ ಹಾಕುತ್ತೀರೋ ಎರಡೋ? ಋ ಇರುವ ಹೆಸರಾದರೆ ಆರ್ ಆದ ಮೇಲೆ ಐ ಬರೆಯುತ್ತೀರೋ ಯು ಬರೆಯುತ್ತೀರೋ? ಹೆಸರಿಗೆ ಒಪ್ಪಿದ ಇಬ್ಬರು ಸ್ಪೆಲ್ಲಿಂಗಿಗೆ ಜಗಳ ಆಡುವುದನ್ನು ನೋಡಿದ್ದೇನೆ. ನನ್ನ ಸಲಹೆ, ಜನ ಕೇಳಿದ ತಕ್ಷಣ ಹೇಗೆ ಬರೆಯುತ್ತಾರೋ ಹಾಗೇ ಇಡಿ. ಸುಮ್ನೆ ಬೇರೆ ಕಾಣಲಿ ಅಂತ ಸೇರಿಸಿದ ಒಂದು ಅಕ್ಷರವನ್ನು ಅವಳು ಜೀವನವಿಡೀ ಫೋನಿನಲ್ಲಿ ಬಿಡಿಸಿ ಹೇಳುತ್ತಿರಬೇಕಾಗುತ್ತದೆ.

ಉದ್ದವೂ ಗಮನದಲ್ಲಿರಲಿ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತವೆ, ಅದರಲ್ಲಿ ಮನೆತನದ ಹೆಸರು, ಅವಳ ಹೆಸರು, ನಡುವಿನ ಗುರುತುಗಳು ಎಲ್ಲ ಸೇರಿ ಇರುವುದು 39 ಜಾಗ. ಉದ್ದದ ಮನೆತನದ ಹೆಸರಿನ ಜೊತೆ ಇನ್ನೂ ಎರಡು ಉದ್ದದ ಹೆಸರು ಸೇರಿಸಿದರೆ ಕೊನೆಯದು ಕತ್ತರಿಸಿಹೋಗುತ್ತದೆ. ಪೂರ್ತಿ ಹೆಸರನ್ನು ಒಮ್ಮೆ ಬರೆದು ಎಣಿಸಿ. ಇನಿಶಿಯಲ್ ಸೇರಿಸಿದಾಗ ಕೆಟ್ಟ ಪದ ಏನಾದರೂ ಆಗುತ್ತದಾ ಅಂತಲೂ ನೋಡಿ.

ಎಷ್ಟು ಸಾಮಾನ್ಯ ಅನ್ನುವುದರ ಬಗ್ಗೆ ಊಹೆ ಬೇಡ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚಿನ ಹೆಸರುಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಅಂಶ ಇಲಾಖೆಯೂ ಪ್ರತಿವರ್ಷ ಪಟ್ಟಿ ಕೊಡುತ್ತದೆ. ಅಮೆರಿಕದಲ್ಲಿ 1970ರಿಂದ 1984ರವರೆಗೆ ಹೆಣ್ಣುಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಜೆನಿಫರ್ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಆ ಅಮ್ಮಂದಿರು ಯಾರೂ ಒಬ್ಬರನ್ನೊಬ್ಬರು ಕೇಳಿ ಇಟ್ಟದ್ದಲ್ಲ, ಎಲ್ಲರಿಗೂ ಒಂದೇ ಹೊತ್ತಿಗೆ ಅದೇ ಸದ್ದು ಹಿತವಾಗಿ ಕೇಳಿತು. ನಿಮಗೆ ಈಗ ಎಲ್ಲೋ ಹೊಸದಾಗಿ ಹೊಳೆದ ಹೆಸರು ನಿಮ್ಮ ವಯಸ್ಸಿನ ಎಷ್ಟೋ ಜನರಿಗೂ ಹೊಳೆದಿರುತ್ತದೆ. ಪಟ್ಟಿ ಸಿಗದ ಕಡೆ ಇರುವವರು ಈಗಿನ ಅಂಗನವಾಡಿ, ನರ್ಸರಿಯ ಮಕ್ಕಳ ಹೆಸರು ಕೇಳಿನೋಡಿ, ಅಂದಾಜು ಸಿಗುತ್ತದೆ. ಸಾಮಾನ್ಯ ಹೆಸರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಪರೂಪದ್ದು ಅಂದುಕೊಂಡು ಇಟ್ಟು ಆಮೇಲೆ ಬೇಸರಪಡಬಾರದು ಅಷ್ಟೇ.

ಇನ್ನು, ಆ ಹೆಸರನ್ನು ಒಮ್ಮೆ ಇಂಟರ್ನೆಟ್ಟಿನಲ್ಲಿ ಹುಡುಕಿ. ಅಲೆಕ್ಸಾ ಒಂದು ಒಳ್ಳೆಯ ಹೆಸರಾಗಿತ್ತು. 2014ರಲ್ಲಿ ಅಮೆಜಾನ್ ತನ್ನ ಮಾತಾಡುವ ಯಂತ್ರಕ್ಕೆ ಅದನ್ನೇ ಇಟ್ಟ ಮೇಲೆ, ಆ ಹೆಸರಿನ ಹುಡುಗಿಯರನ್ನು ಕರೆದು ಕೆಲಸ ಹೇಳುವ ಚಾಳಿ ಶುರುವಾಯಿತು, ಅಮೆರಿಕದಲ್ಲಿ ಆ ಹೆಸರು ಇಡುವವರು ಬೇಗನೆ ಕಡಿಮೆಯಾದರು. ಮುಂದೆ ಏನಾಗುತ್ತದೆ ಅಂತ ಯಾರೂ ಹೇಳಲಾರರು. ಈಗಾಗಲೇ ಆಗಿರುವುದನ್ನಂತೂ ನೋಡಿಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ಇಟ್ಟುಕೊಳ್ಳಬೇಕಾದ ಪ್ರಶ್ನೆ, ಅವಳು ಈ ಹೆಸರನ್ನು ನಾಚಿಕೆ ಇಲ್ಲದೆ ಹೇಳಿಕೊಳ್ಳಬಲ್ಲಳೇ? 2008ರಲ್ಲಿ ನ್ಯೂಜಿಲೆಂಡಿನ ಒಂದು ಕೋರ್ಟು ಒಂಬತ್ತು ವರ್ಷದ ಹುಡುಗಿಯೊಬ್ಬಳ ಹೆಸರು ಬದಲಾಯಿಸುವುದಕ್ಕೆಂದೇ ಅವಳನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಎಷ್ಟು ವಿಚಿತ್ರವಾಗಿತ್ತು ಅಂದರೆ ಅವಳು ಗೆಳತಿಯರಿಗೂ ಅದನ್ನು ಹೇಳಿರಲಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 7ನೇ ವಿಧಿ ಹೆಸರನ್ನು ಮಗುವಿನ ಹಕ್ಕು ಎಂದೇ ಹೇಳುತ್ತದೆ. ನಿಮ್ಮಿಬ್ಬರ ವಾದ ತೀರಾ ಬಿಸಿಯಾದಾಗ ಇದು ಅವಳದ್ದು ಅಂತ ಒಮ್ಮೆ ನೆನೆಸಿಕೊಂಡರೆ ದನಿ ತಾನಾಗಿ ಇಳಿಯುತ್ತದೆ.

ಎರಡೇ ಹೆಸರು ಉಳಿದು ಅಲ್ಲಿ ನಿಂತರೆ

ಹೀಗಾಗುವುದು ತುಂಬಾ ಸಾಮಾನ್ಯ. ಒಂದು ನಿಮ್ಮದು, ಒಂದು ಅವರದು. ಎರಡಕ್ಕೂ ‘ಬೇಡ’ ಇಲ್ಲ, ಆದರೆ ಇಬ್ಬರಿಗೂ ತಮ್ಮದೇ ಹೆಚ್ಚು.

ಒಂದನ್ನು ಮೊದಲ ಹೆಸರಾಗಿ, ಇನ್ನೊಂದನ್ನು ಎರಡನೆಯ ಹೆಸರಾಗಿ ಇಡಬಹುದು. ಒಂದು ದಾಖಲೆಗೆ, ಒಂದು ಮನೆಗೆ ಅಂತಲೂ ಮಾಡಬಹುದು. ಇದು ಒಳ್ಳೆಯ ದಾರಿಯೇ, ಆದರೆ ಒಂದು ಮಾತು ಮೊದಲೇ ಆಗಿರಲಿ: ದಿನಾ ಕರೆಯುವುದು ಯಾವುದು? ಅಪ್ಪ ಒಂದು, ಅಮ್ಮ ಒಂದು ಕರೆಯುತ್ತಾ ಹೋದರೆ ನೀವು ಒಪ್ಪಿಲ್ಲ ಅಂತಲೇ ಅರ್ಥ, ಅದು ಅವಳಿಗೂ ಒಂದು ದಿನ ಗೊತ್ತಾಗುತ್ತದೆ.

‘ಈ ಸಲ ನಿನ್ನದು, ಮುಂದಿನ ಮಗುವಿಗೆ ನನ್ನದು’ ಅನ್ನುವ ಒಪ್ಪಂದ ನನಗೆ ಇಷ್ಟ ಇಲ್ಲ. ಮುಂದಿನ ಮಗು ಆಗುತ್ತದೋ ಇಲ್ಲವೋ, ಆಗಲೂ ಇದೇ ಮನಸ್ಸು ಇರುತ್ತದೋ ಇಲ್ಲವೋ. ನಾಣ್ಯ ಚಿಮ್ಮುವುದೂ ಬೇಡ. ಸೋತವರು ಅದನ್ನು ನಗುತ್ತಾ ಒಪ್ಪಿಕೊಂಡರೂ ಆ ಹೆಸರು ಸೋತ ನೆನಪಾಗಿಯೇ ಉಳಿಯುತ್ತದೆ.

ಇನ್ನೊಂದು ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಗಳ ಹೆಸರಿನ ಕೊನೆಗೆ ಒಬ್ಬರ ಮನೆತನದ ಹೆಸರು ಅಥವಾ ಇನಿಶಿಯಲ್ ಆಗಲೇ ನಿಗದಿಯಾಗಿದ್ದರೆ, ಕಾಲುಭಾಗ ಹೆಸರು ಅವರ ಕಡೆಯಿಂದ ಬಂದಾಯಿತು. ಹೆಚ್ಚಾಗಿ ಅದು ಅಪ್ಪನ ಕಡೆಯದು. ಹಾಗಿರುವಾಗ ಮೊದಲ ಹೆಸರಿನಲ್ಲಿ ಅಮ್ಮನ ಮಾತಿಗೆ ತೂಕ ಸ್ವಲ್ಪ ಜಾಸ್ತಿ ಇರಬೇಕು. ಫ್ರಾನ್ಸಿನಲ್ಲಿ ಮನೆತನದ ಹೆಸರಿಗೆ ಅಪ್ಪ ಅಮ್ಮ ಒಪ್ಪದಿದ್ದರೆ ಇಬ್ಬರದ್ದನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಸೇರಿಸುವ ನಿಯಮ ಇದೆ. ಮೊದಲ ಹೆಸರಿಗೆ ಅಂಥ ಸುಲಭದ ನಿಯಮ ಇಲ್ಲ, ಅಲ್ಲಿ ನೀವಿಬ್ಬರೇ ಬಿಟ್ಟುಕೊಡಬೇಕು.

ಏನು ಮಾಡಿದರೂ ಆಗುತ್ತಿಲ್ಲವೇ? ಎರಡನ್ನೂ ಪಕ್ಕಕ್ಕಿಡಿ. ಹೌದು, ಎರಡನ್ನೂ. ಮೂರನೆಯ, ಇಬ್ಬರೂ ಇದುವರೆಗೆ ಹೇಳದ ಹೆಸರನ್ನು ಒಟ್ಟಿಗೆ ಕೂತು ಹುಡುಕಿ. ಒಬ್ಬರು ತಂದು ಇನ್ನೊಬ್ಬರಿಗೆ ತೋರಿಸುವುದು ಬೇಡ, ಒಂದೇ ಪುಸ್ತಕ ಅಥವಾ ಒಂದೇ ಫೋನು ಇಬ್ಬರ ನಡುವೆ ಇಟ್ಟುಕೊಂಡು ಓದುತ್ತಾ ಹೋಗಿ. ಹಾಗೆ ಸಿಕ್ಕ ಹೆಸರು ಯಾರದ್ದೂ ಅಲ್ಲ, ಅದಕ್ಕೇ ಇಬ್ಬರೂ ಬೇಗ ಒಪ್ಪುತ್ತಾರೆ. ವಾರಗಟ್ಟಲೆ ಹಟ ಹಿಡಿದವರು ಹೀಗೆ ಒಂದು ಸಂಜೆಯಲ್ಲಿ ಮುಗಿಸಿದ್ದನ್ನು ಕಂಡಿದ್ದೇನೆ.

ಮನೆಯವರ ಮಾತು

ಅಜ್ಜಿ ತಾತಂದಿರಿಗೆ, ಚಿಕ್ಕಪ್ಪ ಅತ್ತೆಯಂದಿರಿಗೆ ಆಸೆ ಇರುತ್ತದೆ. ಇರಲಿ, ಅದರಲ್ಲಿ ತಪ್ಪೇನೂ ಇಲ್ಲ. ಅವರಿಗೆ ಹೆಸರು ಸೂಚಿಸಲು ಬಿಡಿ, ಸೂಚಿಸಿದ್ದನ್ನು ಬರೆದುಕೊಳ್ಳಿ. ಆದರೆ ನಿಮ್ಮ ಚಿಕ್ಕ ಪಟ್ಟಿಯನ್ನು ಯಾರಿಗೂ ತೋರಿಸಬೇಡಿ. ತೋರಿಸಿದ ಕೂಡಲೇ ಅಪ್ಪನ ಕಡೆಯವರು ಒಂದು ಹೆಸರಿಗೆ, ಅಮ್ಮನ ಕಡೆಯವರು ಇನ್ನೊಂದಕ್ಕೆ ನಿಲ್ಲುತ್ತಾರೆ, ಇಬ್ಬರ ಮಾತು ಎರಡು ಮನೆಗಳ ಮಾತಾಗುತ್ತದೆ. ನಿಮ್ಮ ಅಮ್ಮನಿಗೆ ನೀವೇ ಹೇಳಿ, ಅವರ ಅಮ್ಮನಿಗೆ ಅವರೇ ಹೇಳಲಿ. ‘ಅವಳಿಗೆ ಇಷ್ಟ ಇಲ್ವಂತೆ’ ಅಂತ ಹೆಂಡತಿಯ ಮೇಲೆ ಹಾಕಬೇಡಿ, ‘ನಾವಿಬ್ಬರೂ ಯೋಚನೆ ಮಾಡ್ತಿದ್ದೀವಿ ಅಮ್ಮ’ ಅಂದರೆ ಸಾಕು.

ಇಟ್ಟ ಮೇಲೆ ಮನಸ್ಸು ಕಸಿವಿಸಿಯಾದರೆ

ಮೊದಲ ಕೆಲವು ವಾರ ಯಾವ ಹೆಸರಾದರೂ ಹೊಸ ಚಪ್ಪಲಿಯ ಹಾಗೆ ಸ್ವಲ್ಪ ಕಚ್ಚುತ್ತದೆ. ಹೆಚ್ಚಿನವರಿಗೆ ಅದು ತಾನಾಗಿ ಸರಿಹೋಗುತ್ತದೆ. ತಿಂಗಳುಗಳಾದರೂ ಒಬ್ಬರಿಗೆ ಆ ಹೆಸರು ಬಾಯಿಗೆ ಬರುತ್ತಿಲ್ಲ, ಮಗುವನ್ನು ಹೆಸರು ಹಿಡಿದು ಕರೆಯುವುದನ್ನೇ ತಪ್ಪಿಸುತ್ತಿದ್ದಾರೆ ಅಂದರೆ ಮುಚ್ಚಿಡದೆ ಮಾತಾಡಿ. ಹಲವು ಕಡೆ ಮೊದಲ ವರ್ಷದಲ್ಲಿ ತಿದ್ದುವುದು ಸುಲಭ, ಇಂಗ್ಲೆಂಡಿನಲ್ಲಿ ನೋಂದಣಿಯಾದ 12 ತಿಂಗಳೊಳಗೆ ಹೊಸ ಹೆಸರನ್ನು ದಾಖಲೆಗೆ ಸೇರಿಸಬಹುದು. ಅವಳು ಹೆಸರಿಗೆ ತಿರುಗಿ ನೋಡುವ ಮೊದಲೇ ಬದಲಾಯಿಸಿದರೆ ಒಳ್ಳೆಯದು.

ಒಪ್ಪಿದ ದಿನ

ಇಬ್ಬರೂ ಹೌದು ಅಂದ ಮೇಲೆ ತಕ್ಷಣ ಯಾರಿಗೂ ಫೋನ್ ಮಾಡಬೇಡಿ. ಒಂದು ರಾತ್ರಿ ಮಲಗಿ ಎದ್ದು, ಬೆಳಿಗ್ಗೆಯೂ ಅದೇ ಹೌದು ಇದ್ದರೆ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ದೊಡ್ಡದಾಗಿ ಬರೆದು ಇಬ್ಬರೂ ಓದಿ ನೋಡಿ, ಆ ಹಾಳೆಯ ಫೋಟೊ ಇಬ್ಬರ ಫೋನಿನಲ್ಲೂ ಇರಲಿ. ಫಾರಂ ತುಂಬುವಾಗ ನೆನಪಿನಿಂದ ಬರೆಯಬೇಡಿ, ಅದನ್ನೇ ನೋಡಿ ಬರೆಯಿರಿ. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರಿನಿಂದ ಹೊರಡುವ ಮೊದಲು ಒಂದೊಂದು ಅಕ್ಷರವನ್ನೂ ಓದಿ, ಮಗಳ ಹೆಸರಷ್ಟೇ ಅಲ್ಲ, ಅಪ್ಪ ಅಮ್ಮನ ಹೆಸರೂ ನಿಮ್ಮ ಬೇರೆ ದಾಖಲೆಗಳಲ್ಲಿ ಇರುವ ಹಾಗೇ ಇದೆಯಾ ಅಂತ ನೋಡಿ. ಎರಡೂ ಮನೆಯ ಹಿರಿಯರಿಗೆ ಒಂದೇ ದಿನ ತಿಳಿಸಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕೂತು. ‘ಯಾರು ಇಟ್ಟಿದ್ದು?’ ಅಂತ ಕೇಳೇ ಕೇಳುತ್ತಾರೆ. ‘ಇಬ್ಬರೂ’ ಅಂತ ಹೇಳಿ.